ಬೆಂಕಿ ಬಿದ್ದಾಗ ತೋಡಿದ ಬಾವಿ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂದು ನಮ್ಮಲ್ಲಿ ಒಂದು ಗಾದೆಯುಂಟು. ಮುಂದಾಲೋಚನೆಯಿಲ್ಲದವರನ್ನು ಹಾಸ್ಯಮಾಡಲು ಹುಟ್ಟಿದ ಮಾತು ಅದು; ಸಂಸಾರದ ವ್ಯವಹಾರದಲ್ಲಿ ಸತ್ಯವಾದ ಮಾತೂ ಹೌದು. ಆದರೆ ಲೋಕದಲ್ಲಿ ಪರೋಪಕಾರವನ್ನೇ ವೃತ್ತಿಯಾಗಿ ಹಿಡಿದಿರುವ ಸಂಸ್ಥೆಗಳ ಚರಿತ್ರೆಯನ್ನು ಓದುವಾಗ ಈ ಗಾದೆ ಸ್ವಲ್ಪ ತಡವರಿಸುವಂತೆ ತೋರುತ್ತದೆ. ಆ ಸಂಸ್ಥೆಗಳ ಒಳ್ಳೆಯ ಬಾವಿಗಳಲ್ಲಿ ಅನೇಕವು ಬೆಂಕಿ ಉರಿಯುತ್ತಿದ್ದಾಗಲೇ ತೋಡಿದವು. ೧೮೫೯ರ ಜೂನ್ ತಿಂಗಳಲ್ಲಿ ಉತ್ತರ ಇಟಲಿಯ ಸೋಲ್ಫೆರಿನೊ ಎಂಬಲ್ಲಿ ಘೋರವಾದ ಯುದ್ಧ ನಡೆದು ಸಾವಿರಾರು ಮಂದಿ ಗಾಯಾಳುಗಳು ಹೇಳಕೇಳುವವರಿಲ್ಲದೆ ಬಿದ್ದಿದ್ದರು. ತನ್ನ ವ್ಯಾಪಾರದ ಕೆಲಸಕ್ಕಾಗಿ ಆ ಕಡೆಗೆ ಬಂದಿದ್ದ ಸ್ವಿಟ್ಸರ್ಲೆಂಡಿನ ಆನ್ರಿ ಡ್ಯೂನಾಂಟ್ ಎಂಬಾತ ಹತ್ತಿರದ ಕಾಸ್ತಿಗ್ಲಿಯೋನೆ ಊರಿನ ಹೆಂಗಸರನ್ನು ಕೂಡಿಸಿಕೊಂಡು, ಇವನು ನಮ್ಮವನು ಅವನು ಶತ್ರು ಎನ್ನದೆ, ಕೈಲಾದ ಶುಶ್ರೂಷೆ ನಡೆಸಿದ. ೧೮೬೨ರಲ್ಲಿ ಅದನ್ನು ಪುಸ್ತಕವಾಗಿ ಬರೆದ; ೧೮೬೩ರಲ್ಲಿ ಜಿನೀವಾದಲ್ಲಿ ರೆಡ್ ಕ್ರಾಸ್ ಸಮಿತಿ ಹುಟ್ಟಿತು; ೧೮೬೪ರಲ್ಲಿ ಹನ್ನೆರಡು ರಾಜ್ಯಗಳು ಜಿನೀವಾ ಒಪ್ಪಂದಕ್ಕೆ ಸಹಿ ಮಾಡಿದುವು. ಒಂದು ಊರಿನ ಹೆಂಗಸರು ಕೆಲವು ದಿನ ಮಾಡಿದ ಕೆಲಸ ಐದು ವರ್ಷಗಳಲ್ಲಿ ರಾಜ್ಯಗಳ ಕಾನೂನಾಯಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ದಯೆ ಮನುಷ್ಯನ ಬಹು ಹಳೆಯ ಗುಣ. ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಬಿದ್ದವನಿಗೆ ಕೈ—ಇದರಲ್ಲಿ ಹೊಸದಾಗಿ ಕಂಡುಹಿಡಿಯತಕ್ಕದ್ದು ಏನಿದೆ? ಹೊಸತನವೆಂಬುದು ಅಂಗಡಿಯವನಿಗೂ ಕಾರಖಾನೆಯವನಿಗೂ ಇರಲಿ. ದಾನಿಗೆ ಬೇಕಾದದ್ದು ಶುದ್ಧವಾದ ಮನಸ್ಸಲ್ಲವೆ ಎಂದು ಕೇಳುವವರಿದ್ದಾರೆ. ಇದಕ್ಕೆ ಎದುರಾಗಿ ಇನ್ನೊಂದು ಪಂಗಡ: ಕಾಲ ಬದಲಾಗಿದೆ, ಸಂಸ್ಥೆಗಳೂ ಬದಲಾಗಬೇಕು, ಬದಲಾಗದ್ದು ಅಳಿಯುತ್ತದೆ ಎಂದು ಇವರು ಹೇಳುತ್ತಾರೆ. ಮೊದಲಿನವರು ಬದಲಾವಣೆಯೆಂದರೆ ಹೆದರುತ್ತಾರೆ, ಎರಡನೆಯವರು ಅದನ್ನು ಪೂಜಿಸುತ್ತಾರೆ. ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ಬದಲಾವಣೆ ಯಾರಿಗಾಗಿ? ಕೊಡುವವನ ಅನುಕೂಲಕ್ಕೊ, ಪಡೆಯುವವನ ಅನುಕೂಲಕ್ಕೊ? ಇದನ್ನು ತತ್ತ್ವದ ಮಾತಾಗಿ ಚರ್ಚಿಸುವುದಕ್ಕಿಂತ ನಡೆದ ಸಂಗತಿಗಳನ್ನು ಮುಂದಿಟ್ಟುಕೊಂಡು ನೋಡುವುದು ಮೇಲು.

೧೯೭೧ರಲ್ಲಿ ಅಂದಿನ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ನಿರಾಶ್ರಿತರಾಗಿ ಭಾರತಕ್ಕೆ ಬಂದರು. ಗಡಿಯ ಶಿಬಿರಗಳಲ್ಲಿ, ಮಳೆಯಲ್ಲಿ, ಕೆಸರಿನಲ್ಲಿ, ಕಾಲರಾ ಹಬ್ಬಿತು. ಜೂನ್ ತಿಂಗಳ ಕೊನೆಯಲ್ಲಿ ದಿಲೀಪ್ ಮಹಲನಬೀಸ್ ಎಂಬ ವೈದ್ಯರು ಕಲ್ಕತ್ತೆಯಿಂದ ಗಡಿಯ ಬನಗಾಂವ್ ಊರಿಗೆ ಬಂದಾಗ, ಅಲ್ಲಿಯ ಆಸ್ಪತ್ರೆಯ ಎರಡು ಕೋಣೆಗಳ ತುಂಬ ರೋಗಿಗಳು ನೆಲದ ಮೇಲೆ ಮಲಗಿದ್ದರು. ಒಬ್ಬೊಬ್ಬರಿಗೆ ಸಲೈನ್ ಸೂಜಿ ಚುಚ್ಚಬೇಕಾದರೆ ವಾಂತಿಭೇದಿಯ ನಡುವೆಯೇ ಮೊಣಕಾಲೂರಬೇಕಾಗಿತ್ತು. ಅವರ ಜೊತೆಯವರಲ್ಲಿ ರಕ್ತನಾಳಕ್ಕೆ ಸಲೈನ್ ಕೊಡಲು ಕಲಿತಿದ್ದವರು ಇಬ್ಬರೇ. ಎರಡು ದಿನ ಕಳೆಯುವಷ್ಟರಲ್ಲಿ ಸಲೈನ್ ಬಾಟಲಿಗಳು ಸಾಲುವುದಿಲ್ಲವೆಂಬುದೂ ಸಾವೇ ಗೆಲ್ಲುತ್ತಿದೆಯೆಂಬುದೂ ಅವರಿಗೆ ಸ್ಪಷ್ಟವಾಯಿತು.

ಕಾಲರಾದಲ್ಲಿ ಮನುಷ್ಯನನ್ನು ಕೊಲ್ಲುವುದು ನೀರಿನ ನಷ್ಟ. ದೇಹದ ನೀರೂ ಉಪ್ಪೂ ಕೆಲವೇ ಗಂಟೆಗಳಲ್ಲಿ ಹರಿದು ಹೋಗುತ್ತವೆ. ಹೋದುದನ್ನು ಮರಳಿ ತುಂಬಿದರೆ ರೋಗಿ ಬದುಕುತ್ತಾನೆ. ಬಾಯಿಂದ ಬರಿಯ ನೀರು ಕುಡಿಸಿದರೆ ಕರುಳು ಹಿಡಿಯುವುದಿಲ್ಲ; ಆದರೆ ನೀರಿನಲ್ಲಿ ತಕ್ಕ ಪ್ರಮಾಣದ ಸಕ್ಕರೆಯೂ ಉಪ್ಪೂ ಇದ್ದರೆ, ಸಕ್ಕರೆ ತನ್ನ ಜೊತೆಗೆ ಉಪ್ಪನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಕಾಲರಾ ಈ ದಾರಿಯನ್ನು ಕೆಡಿಸುವುದಿಲ್ಲ. ಮಹಲನಬೀಸರು ಇದನ್ನು ನಂಬಿ ನಡೆದರು. ಒಂದು ಲೀಟರು ನೀರಿಗೆ ೨೨ ಗ್ರಾಂ ಗ್ಲೂಕೋಸು, ಮೂರೂವರೆ ಗ್ರಾಂ ಉಪ್ಪು, ಎರಡೂವರೆ ಗ್ರಾಂ ಅಡಿಗೆ ಸೋಡ. ಕಲ್ಕತ್ತೆಯಲ್ಲಿ ಇವನ್ನು ತೂಗಿ, ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ, ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಬಾಯಿ ಮುಚ್ಚಿ ಕಳುಹಿಸಿದರು. ಲೀಟರಿಗೆ ತಗುಲಿದ ವೆಚ್ಚ ಹನ್ನೊಂದು ಪೈಸೆ. ಬನಗಾಂವಿನಲ್ಲಿ ಪೀಪಾಯಿಗಳಲ್ಲಿ ಕಲಸಿ ಇಟ್ಟರು. ರೋಗಿಯ ತಾಯಿಯೊ ಹೆಂಡತಿಯೊ ಅಣ್ಣನೊ ಲೋಟ ಹಿಡಿದು ಬಂದು ತುಂಬಿಕೊಂಡು ಹೋಗಿ ಗುಟುಕು ಗುಟುಕಾಗಿ ಕುಡಿಸುತ್ತ ಕುಳಿತರು. ಜನಕ್ಕೆ ಸಲೈನಿನಲ್ಲಿ ನಂಬಿಕೆಯಿತ್ತು. ಆದುದರಿಂದ ಇದನ್ನು ‘ಬಾಯಿಂದ ಕುಡಿಯುವ ಸಲೈನ್’ ಎಂದು ಕರೆದರು. ಎಂಟು ವಾರಗಳಲ್ಲಿ ೩,೭೦೦ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯಾಯಿತು. ಶಿಬಿರಗಳಲ್ಲಿ ನೂರಕ್ಕೆ ಮೂವತ್ತರವರೆಗೂ ಇದ್ದ ಸಾವು ಇವರ ಆರೈಕೆಯಲ್ಲಿ ನೂರಕ್ಕೆ ೩.೬ಕ್ಕೆ ಇಳಿಯಿತು.

ಈ ಕಥೆಯನ್ನು ಇಷ್ಟಕ್ಕೇ ನಿಲ್ಲಿಸಿದರೆ ‘ಕಷ್ಟವೇ ಕಲ್ಪನೆಯ ತಾಯಿ’ ಎಂಬ ಹಳೆಯ ನೀತಿಯೊಂದು ಸಿಕ್ಕುತ್ತದೆ. ಆದರೆ ಸಂಗತಿ ಅದಕ್ಕಿಂತ ಸೂಕ್ಷ್ಮವಾಗಿದೆ. ಏಕೆಂದರೆ ಈ ತಿಳಿವಳಿಕೆ ಬನಗಾಂವಿನಲ್ಲಿ ಹುಟ್ಟಿದ್ದಲ್ಲ. ೧೯೫೩ರಲ್ಲಿಯೇ ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ ಎಂಬ ವೈದ್ಯರು ೧೮೬ ಮಂದಿ ರೋಗಿಗಳಿಗೆ ಬಾಯಿಂದ ದ್ರಾವಣ ಕೊಟ್ಟುದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಯಾರೂ ಅಷ್ಟಾಗಿ ಗಮನಿಸಲಿಲ್ಲ. ೧೯೬೮ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದವರು ಕ್ರಮವಾಗಿ ಪರೀಕ್ಷಿಸಿ ಇದು ಫಲಕಾರಿಯೆಂದು ತೋರಿಸಿದ್ದರು. ಜ್ಞಾನವಿತ್ತು, ಉಪ್ಪು ಸಕ್ಕರೆಗಳೂ ಇದ್ದುವು. ಇಲ್ಲದಿದ್ದುದು ಒಂದೇ—ಇದನ್ನು ಓದುಬರಹ ತಿಳಿಯದ ತಾಯಿಯ ಕೈಗೆ ಕೊಡಬಹುದೆಂಬ ನಂಬಿಕೆ. ಚಿಕಿತ್ಸೆಯೆಂದರೆ ವೈದ್ಯನದು, ಸೂಜಿಯದು, ಆಸ್ಪತ್ರೆಯದು. ರೋಗಿಯ ಕಡೆಯವರದು ಅಳುವುದಷ್ಟೆ ಎಂಬ ಭಾವನೆ ಬೇರೂರಿತ್ತು. ಅನುಭವವಿಲ್ಲದ ಕೈಗಳಲ್ಲಿ ಇದು ಕೆಲಸ ಮಾಡೀತೆ ಎಂಬ ಅಳುಕು ಮಹಲನಬೀಸರಿಗೂ ಇದ್ದಿತು. ವಿಪತ್ತು ಅವರಿಗೆ ಹೊಸ ವಿದ್ಯೆಯನ್ನೇನೂ ಕಲಿಸಲಿಲ್ಲ. ಅಳುಕುವುದಕ್ಕೆ ಸಮಯವಿಲ್ಲದಂತೆ ಮಾಡಿತು, ಅಷ್ಟೆ.

ಇದು ಯೋಚಿಸತಕ್ಕ ವಿಷಯ. ಒಳ್ಳೆಯದನ್ನು ಮಾಡಲು ಅಡ್ಡಿಯಾಗಿದ್ದುದು ಅಜ್ಞಾನವಲ್ಲ, ಅಪನಂಬಿಕೆ. ಅದೂ ಕೆಟ್ಟವರ ಅಪನಂಬಿಕೆಯಲ್ಲ, ಸಜ್ಜನರ ಅಪನಂಬಿಕೆ. ದಾನಿಗೆ ದಯೆಯ ಜೊತೆಗೇ ಒಂದು ಮೇಲರಿಮೆಯೂ ಇರುತ್ತದೆ: ನಾನು ಕೊಡುವವನು, ಆದುದರಿಂದ ನಾನು ಬಲ್ಲವನು. ಅವನ ಕೈ ತುಂಬಿರುವವರೆಗೆ ಈ ಎರಡನೆಯದು ಕಣ್ಣಿಗೆ ಬೀಳುವುದೇ ಇಲ್ಲ. ಕೈ ಬರಿದಾದಾಗ ಮಾತ್ರ ಅವನು ಪಕ್ಕಕ್ಕೆ ತಿರುಗಿ, ಇಷ್ಟು ಹೊತ್ತೂ ಅಲ್ಲೇ ಕುಳಿತಿದ್ದ ತಾಯಿಯನ್ನು ನೋಡುತ್ತಾನೆ. ಮಗುವಿಗೆ ಭೇದಿಯಾದಾಗ ಉಪ್ಪು ಹಾಕಿದ ಗಂಜಿಯ ತಿಳಿಯನ್ನು ಕುಡಿಸುತ್ತ ಬಂದ ನಮ್ಮ ಮನೆಗಳ ಮುದುಕಿಯರಿಗೆ ಕರುಳಿನ ರಸಾಯನ ತಿಳಿದಿರಲಿಲ್ಲ, ನಿಜ. ಆದರೆ ಅವರ ಕೈ ಸರಿಯಾದ ದಿಕ್ಕಿನಲ್ಲೇ ಹೋಗುತ್ತಿತ್ತು. ಸಕ್ಕರೆಗೆ ಬದಲಾಗಿ ಅಕ್ಕಿಯ ಹಿಟ್ಟನ್ನು ಬೇಯಿಸಿ ಮಾಡಿದ ದ್ರಾವಣವೂ ಗುಣಕಾರಿಯೆಂದು ಮುಂದೆ ವಿಜ್ಞಾನಿಗಳೇ ತೋರಿಸಿದರು.

ಕೈಗೆ ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ ಎಂಬುದಕ್ಕೆ ಅದೇ ಬಂಗಾಳದ ಇನ್ನೊಂದು ಸಂಗತಿಯನ್ನು ಹೇಳಬೇಕು. ಯುದ್ಧ ಮುಗಿದು ಬಾಂಗ್ಲಾದೇಶಕ್ಕೆ ಹಿಂತಿರುಗಿದ ನಿರಾಶ್ರಿತರಿಗೆ ನೆರವಾಗಲು ೧೯೭೨ರಲ್ಲಿ ಫಜ್ಲೆ ಹಸನ್ ಅಬೇದ್ ಎಂಬುವರು ‘ಬ್ರಾಕ್’ ಸಂಸ್ಥೆಯನ್ನು ಸ್ಥಾಪಿಸಿದರು. ೧೯೮೦ರಿಂದ ೧೯೯೦ರವರೆಗೆ ಅದರ ಕಾರ್ಯಕರ್ತೆಯರು ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ನಡೆದು ಹೋಗಿ, ಅರ್ಧ ಸೇರು ನೀರಿಗೆ ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ ಹಾಕಿ ದ್ರಾವಣ ಮಾಡುವುದನ್ನು ತಾಯಂದಿರಿಗೆ ಕಲಿಸಿದರು. ತಕ್ಕಡಿಯಿಲ್ಲದ ಮನೆಯಲ್ಲಿ ಕೈಯೇ ತಕ್ಕಡಿ. ಇದಕ್ಕಿಂತ ಗಮನಾರ್ಹವಾದದ್ದು ಸಂಬಳದ ಕ್ರಮ. ಕೆಲವು ದಿನಗಳ ಮೇಲೆ ಬೇರೆಯವರು ಹೋಗಿ, ಕಲಿಸಿದ ತಾಯಂದಿರಲ್ಲಿ ಕೆಲವರನ್ನು ಆರಿಸಿ ಪರೀಕ್ಷಿಸುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆಯೋ ಅದರ ಮೇಲೆ ಕಾರ್ಯಕರ್ತೆಯ ಸಂಬಳ! ಎಷ್ಟು ಮನೆಗೆ ಹೋದೆ, ಎಷ್ಟು ಹಂಚಿದೆ ಎಂಬ ಲೆಕ್ಕಕ್ಕೆ ಅಲ್ಲಿ ಬೆಲೆಯಿರಲಿಲ್ಲ.

ಹೀಗೆ ಪರೀಕ್ಷಿಸಿದಾಗ ಒಂದು ಕಹಿಯಾದ ವಿಷಯವೂ ಬಯಲಾಯಿತು. ತಾಯಂದಿರಿಗೆ ಪಾಠವೇನೋ ಚೆನ್ನಾಗಿ ನೆನಪಿತ್ತು. ಆದರೆ ಮಗುವಿಗೆ ಭೇದಿಯಾದಾಗ ಬಹುಮಂದಿ ಅದನ್ನು ಮಾಡಿ ಕುಡಿಸುತ್ತಿರಲಿಲ್ಲ. ಏಕೆಂದು ವಿಚಾರಿಸುತ್ತ ಹೋದರೆ, ಕಲಿಸಿದ ಕಾರ್ಯಕರ್ತೆಯರಲ್ಲೇ ಅನೇಕರಿಗೆ ಅದರಲ್ಲಿ ವಿಶ್ವಾಸವಿರಲಿಲ್ಲ. ತಮ್ಮ ಮನೆಯಲ್ಲಿ ಭೇದಿಯಾದಾಗ ಅವರು ಬೇರೆ ಔಷಧ ಹುಡುಕುತ್ತಿದ್ದರು. ಮನೆಯ ಗಂಡಸರಿಗೆ ಯಾರೂ ಏನೂ ಹೇಳಿರಲಿಲ್ಲವಾದ್ದರಿಂದ ಅವರೂ ಸಂದೇಹಪಡುತ್ತಿದ್ದರು. ಸಂಸ್ಥೆ ಕಾರ್ಯಕರ್ತೆಯರನ್ನು ಢಾಕಾಕ್ಕೆ ಕರೆದೊಯ್ದು ದ್ರಾವಣದಿಂದ ರೋಗಿಗಳು ಎದ್ದು ಕೂರುವುದನ್ನು ಕಣ್ಣಾರೆ ತೋರಿಸಿತು. ಸಂತೆಯಲ್ಲಿ, ಮಸೀದಿಯ ಬಳಿಯಲ್ಲಿ, ಗಂಡಸರೊಡನೆ ಮಾತಾಡಿತು. ತಾನು ನಂಬದ ಮಾತನ್ನು ಇನ್ನೊಬ್ಬರಿಗೆ ಹೇಳುವವನ ಬಾಯಿಂದ ಮಾತು ಮಾತ್ರ ದಾಟುತ್ತದೆ, ನಂಬಿಕೆ ದಾಟುವುದಿಲ್ಲವೆಂಬ ಈ ಸಣ್ಣ ಸತ್ಯವನ್ನು ಅವರು ಹತ್ತು ವರ್ಷ ನಡೆದು ಕಂಡುಕೊಂಡರು. ವರದಿ ಬರೆದು ಮುಗಿಸುವ ಸಂಸ್ಥೆಗೆ ಇದು ಎಂದೂ ಕಾಣುತ್ತಿರಲಿಲ್ಲ.

ಕ್ಷಾಮದ ಮಕ್ಕಳ ವಿಷಯದಲ್ಲಿಯೂ ಇದೇ ನಡೆಯಿತು. ತೀರ ಕೃಶವಾದ ಮಗುವನ್ನು ಬದುಕಿಸಬೇಕಾದರೆ ವಿಶೇಷ ಕೇಂದ್ರಕ್ಕೆ ಸೇರಿಸಿ, ವಾರಗಟ್ಟಲೆ ಅಲ್ಲಿಯೇ ಇಟ್ಟುಕೊಂಡು, ಔಷಧಿಯಂತೆ ಅಳೆದು ಹಾಲು ಕುಡಿಸಬೇಕೆಂಬುದು ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ನಿಯಮವಾಗಿತ್ತು. ಹಾಲಿನ ಪುಡಿಗೆ ಶುದ್ಧವಾದ ನೀರು ಬೇಕು, ಕಲಸಿಟ್ಟರೆ ಕೆಡುತ್ತದೆ. ಜನ ಒತ್ತಾಗಿ ಸೇರಿದಲ್ಲಿ ರೋಗ ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಇವೆಲ್ಲಕ್ಕಿಂತ ಮಿಗಿಲಾಗಿ, ಒಂದು ಮಗುವಿನ ಜೊತೆ ಕೇಂದ್ರದಲ್ಲಿ ಕೂತ ತಾಯಿ ಮನೆಯಲ್ಲಿ ಉಳಿದ ಮಕ್ಕಳನ್ನೂ ಬಿತ್ತನೆಯ ಹೊಲವನ್ನೂ ಬಿಟ್ಟುಬರಬೇಕು. ೧೯೯೬ರ ಸುಮಾರಿಗೆ ಫ್ರಾನ್ಸಿನ ಆಂದ್ರೆ ಬ್ರಿಯಾಂ ಎಂಬ ವೈದ್ಯರೂ ಅವರೊಡನಿದ್ದವರೂ ಕಡಲೆಕಾಯಿಯನ್ನು ಅರೆದು, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವಗಳನ್ನು ಸೇರಿಸಿ ಒಂದು ಲೇಹ್ಯವನ್ನು ಮಾಡಿದರು. ಅದಕ್ಕೆ ನೀರು ಬೇಡ, ಒಲೆ ಬೇಡ. ಬೇಗ ಕೆಡುವುದೂ ಇಲ್ಲ. ಮಗು ತಾನೇ ಪೊಟ್ಟಣವನ್ನು ಹಿಂಡಿಕೊಂಡು ತಿನ್ನಬಹುದು. ಸ್ಟೀವ್ ಕಾಲಿನ್ಸ್ ಎಂಬ ವೈದ್ಯರು ೨೦೦೦ದಲ್ಲಿ ಇಥಿಯೋಪಿಯದಲ್ಲಿ ಮಕ್ಕಳನ್ನು ಮನೆಗೇ ಕಳುಹಿಸಿ ಚಿಕಿತ್ಸೆಮಾಡುವ ಕ್ರಮವನ್ನು ಪ್ರಯೋಗಿಸಿದರು. ೨೦೦೫ರ ನೈಜರ್ ಕ್ಷಾಮದಲ್ಲಿ ಗಡಿಯಿಲ್ಲದ ವೈದ್ಯರ ಸಂಸ್ಥೆ ಸುಮಾರು ಅರವತ್ತು ಸಾವಿರ ಮಕ್ಕಳನ್ನು, ಹೆಚ್ಚಿನವರನ್ನು ಮನೆಯಲ್ಲಿಯೇ ಇರಿಸಿ, ಉಪಚರಿಸಿತು. ೨೦೦೭ರಲ್ಲಿ ವಿಶ್ವಸಂಸ್ಥೆಯ ಅಂಗಗಳು ಈ ಕ್ರಮವನ್ನು ಅಂಗೀಕರಿಸಿದುವು. ಇಲ್ಲಿ ಹೊಸದು ಲೇಹ್ಯವೆಂದು ಜನ ತಿಳಿದರು. ನಿಜವಾಗಿ ಹೊಸದು, ತಾಯಿ ಇನ್ನು ಮನೆ ಬಿಟ್ಟು ಬರಬೇಕಾಗಿಲ್ಲವೆಂಬುದು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಬದಲಾವಣೆಯ ಪಕ್ಷದವರು ಗೆದ್ದಂತಾಗುತ್ತದೆ. ಆದರೆ ಕಾಲಕ್ಕೆ ತಕ್ಕಂತೆ ನಡೆಯುವುದು ಯಾವಾಗಲೂ ಗುಣವಲ್ಲ. ಹೊಂದಿಕೊಳ್ಳುವುದಕ್ಕೂ ಬಾಗುವುದಕ್ಕೂ ನಡುವೆ ಇರುವ ಗೆರೆ ಬಹಳ ತೆಳುವಾದದ್ದು. ಅದಕ್ಕೆ ಉದಾಹರಣೆ ಆ ರೆಡ್ ಕ್ರಾಸ್ ಸಮಿತಿಯೇ. ೧೯೪೨ರ ಅಕ್ಟೋಬರ್ ೧೪ರಂದು ಜಿನೀವಾದಲ್ಲಿ ಸಮಿತಿಯ ಸದಸ್ಯರು ಸಭೆ ಸೇರಿದರು. ಯೂರೋಪಿನ ಯೆಹೂದ್ಯರಿಗೆ ಏನಾಗುತ್ತಿದೆಯೆಂಬ ವಾರ್ತೆ ಅವರನ್ನು ಮುಟ್ಟಿತ್ತು. ಬಹಿರಂಗವಾಗಿ ಒಂದು ಮನವಿಯನ್ನು ಹೊರಡಿಸಬೇಕೆ ಎಂಬುದು ಪ್ರಶ್ನೆ. ಕರಡು ಸಿದ್ಧವಾಗಿತ್ತು, ಅದು ಯಾರ ಹೆಸರನ್ನೂ ನೇರವಾಗಿ ಎತ್ತದ, ಬಹು ಜಾಗರೂಕವಾದ ಕರಡು. ಸದಸ್ಯರಲ್ಲಿ ಹೆಚ್ಚು ಮಂದಿ ಮೊದಲು ಅದರ ಪರವಾಗಿಯೇ ಇದ್ದರು. ಸ್ವಿಸ್ ಸರಕಾರದಲ್ಲಿದ್ದ ಫಿಲಿಪ್ ಎಟ್ಟರ್ ವಿರೋಧಿಸಿದರು. ಕೊನೆಗೆ ಮನವಿ ಬೇಡವೆಂದು ತೀರ್ಮಾನವಾಯಿತು.

ಅವರ ಕಾರಣಗಳು ತಿರಸ್ಕಾರಕ್ಕೆ ಯೋಗ್ಯವಾದವೇನಲ್ಲ. ಲಕ್ಷಾಂತರ ಯುದ್ಧಕೈದಿಗಳಿಗೆ ಪತ್ರವೂ ಪೊಟ್ಟಣವೂ ಮುಟ್ಟುತ್ತಿದ್ದುದು ಈ ಸಮಿತಿಯ ಮೂಲಕವೇ. ಮಾತಾಡಿದರೆ ಜರ್ಮನಿ ಬಾಗಿಲು ಮುಚ್ಚಿಬಿಟ್ಟರೆ? ಆಡಿದ ಮಾತಿನಿಂದ ಒಬ್ಬನೂ ಬದುಕದೆ, ಬದುಕಿದ್ದವರಿಗೂ ತೊಂದರೆಯಾದರೆ? ಹೀಗೆ ಲೆಕ್ಕ ಹಾಕಿದರು. ಪರಿಸ್ಥಿತಿಗೆ ಹೊಂದಿಕೊಂಡರು. ಆ ಮೌನವನ್ನು ತನ್ನ ಚರಿತ್ರೆಯ ಅತಿ ದೊಡ್ಡ ಸೋಲೆಂದು ಮುಂದೆ ಸಂಸ್ಥೆಯೇ ಒಪ್ಪಿಕೊಂಡಿತು. ೧೯೬೮ರಲ್ಲಿ ನೈಜೀರಿಯದ ಬಯಾಫ್ರ ಯುದ್ಧದಲ್ಲಿ ರೆಡ್ ಕ್ರಾಸಿನ ಮೂಲಕ ಕೆಲಸ ಮಾಡಿದ ಕೆಲವು ಫ್ರೆಂಚ್ ವೈದ್ಯರಿಗೆ ಈ ಮೌನದ ನಿಯಮ ಸಹಿಸಲಾರದಂತಾಯಿತು. ೧೯೭೧ರ ಡಿಸೆಂಬರಿನಲ್ಲಿ, ಬನಗಾಂವಿನ ವರ್ಷದಲ್ಲಿಯೇ, ಅಂಥವರೂ ಕೆಲವು ಪತ್ರಿಕೋದ್ಯೋಗಿಗಳೂ ಸೇರಿ ಗಡಿಯಿಲ್ಲದ ವೈದ್ಯರ ಸಂಸ್ಥೆಯನ್ನು ಕಟ್ಟಿದರು. ಚಿಕಿತ್ಸೆಯೊಡನೆ ಕಂಡದ್ದನ್ನು ಹೇಳುವುದೂ ವೈದ್ಯನ ಧರ್ಮ ಎಂಬ ಭಾವನೆ ಅಲ್ಲಿ ಬೆಳೆಯಿತು.

ಆದರೆ ಮಾತಾಡುವವರ ದಾರಿಯೂ ಸುಗಮವಲ್ಲ. ೧೯೮೫ರಲ್ಲಿ ಇಥಿಯೋಪಿಯದ ಸರಕಾರ ಕ್ಷಾಮದ ಹೆಸರಿನಲ್ಲಿ ಜನರನ್ನು ಬಲಾತ್ಕಾರವಾಗಿ ದೂರದ ಪ್ರಾಂತಗಳಿಗೆ ಸಾಗಿಸುತ್ತಿದ್ದುದನ್ನು ಆ ಸಂಸ್ಥೆಯ ಫ್ರೆಂಚ್ ಶಾಖೆ ಖಂಡಿಸಿತು, ದೇಶದಿಂದ ಹೊರಹಾಕಿಸಿಕೊಂಡಿತು. ಅದು ನೋಡಿಕೊಳ್ಳುತ್ತಿದ್ದ ರೋಗಿಗಳು ಅಲ್ಲಿಯೇ ಉಳಿದರು. ೧೯೯೪ರಲ್ಲಿ ರುವಾಂಡದ ನರಮೇಧದ ತರುವಾಯ ಗಡಿಯಾಚೆ ಗೋಮಾದ ಸುತ್ತ ದೊಡ್ಡ ಶಿಬಿರಗಳೆದ್ದುವು. ಮೊದಲ ತಿಂಗಳಲ್ಲೇ ಕಾಲರಾ ಮೊದಲಾದ ರೋಗಗಳಿಂದ ಅಲ್ಲಿ ಸುಮಾರು ಐವತ್ತು ಸಾವಿರ ಜನ ಸತ್ತರು. ಬನಗಾಂವಿನ ಪೊಟ್ಟಣ ಇಷ್ಟು ಹೊತ್ತಿಗೆ ಲೋಕದಲ್ಲೆಲ್ಲ ಇದ್ದಿತು. ಆದರೆ ಶುದ್ಧವಾದ ನೀರು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಅದು ಸಾಲದೆಂಬಂತೆ, ಆ ಶಿಬಿರಗಳ ಆಡಳಿತ ನರಮೇಧ ನಡೆಸಿದವರ ಕೈಯಲ್ಲೇ ಇದ್ದಿತು. ಬಂದ ಆಹಾರದಿಂದ ಅವರು ಬಲಿಯುತ್ತಿದ್ದರು. ಕೊಲೆಗಡುಕನನ್ನು ಸಾಕುತ್ತೇವೆಂದು ಶಿಬಿರ ಬಿಟ್ಟರೆ ಕೂಸಿನ ಗತಿಯೇನು? ಕೂಸಿಗಾಗಿ ಉಳಿದರೆ ನಾಳೆ ಅವನು ಕೊಲ್ಲುವವರ ಗತಿಯೇನು? ಫ್ರೆಂಚ್ ಶಾಖೆ ೧೯೯೪ರ ನವೆಂಬರಿನಲ್ಲಿ ಹೊರಟುಹೋಯಿತು. ಅದೇ ಸಂಸ್ಥೆಯ ಬೇರೆ ಶಾಖೆಗಳು ಮರುವರ್ಷದವರೆಗೆ ಉಳಿದುವು. ಒಂದೇ ವ್ರತ ತೊಟ್ಟವರು ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಟ್ಟರು. ಎರಡರಲ್ಲಿ ಯಾವುದನ್ನೂ ಪಾಪವೆನ್ನುವ ಧೈರ್ಯ ನಮಗಿಲ್ಲ.

ಗೋಮಾದ ಅನುಭವದಿಂದ ಒಂದು ಪ್ರಯೋಜನವಾಯಿತು. ದಯೆಗೂ ಒಂದು ಅಳತೆಗೋಲು ಬೇಕೆಂದು ಸಂಸ್ಥೆಗಳಿಗೆ ತೋರಿತು. ‘ಸ್ಫಿಯರ್’ ಎಂಬ ಹೆಸರಿನಲ್ಲಿ ಎಲ್ಲರೂ ಸೇರಿ ಬರೆದ ಕೈಪಿಡಿ, ಒಬ್ಬ ಮನುಷ್ಯನಿಗೆ ದಿನಕ್ಕೆ ಕನಿಷ್ಠ ೧೫ ಲೀಟರು ನೀರು, ಮಲಗಲು ಮೂರೂವರೆ ಚದರ ಮೀಟರು ಸೂರು, ಇಪ್ಪತ್ತು ಜನಕ್ಕೆ ಒಂದು ಕಕ್ಕಸು ಎಂದು ವಿಧಿಸಿತು. ಕಾವ್ಯಮಯವಲ್ಲದ ಪುಸ್ತಕ. ಆದರೆ ‘ನಮ್ಮ ಕೈಲಾದದ್ದು ಮಾಡಿದೆವು’ ಎಂಬ ಮಾತಿನ ಹಿಂದೆ ದಾನಿ ಅಡಗಿಕೊಳ್ಳದಂತೆ ಅದು ಮಾಡಿತು. ಇಷ್ಟು ನೀರು ದಯೆಯಲ್ಲ, ಅವನ ಹಕ್ಕು. ಕಡಿಮೆಯಾದರೆ ಹೇಳತಕ್ಕವನು ನೀನು ಎಂದು ಅದು ಕೊಡುವವನನ್ನು ಕೇಳುತ್ತದೆ.

ಹಾಗಾದರೆ ಯಾವ ಬದಲಾವಣೆ ಒಳ್ಳೆಯದು, ಯಾವುದು ಕೆಟ್ಟದ್ದು? ಕ್ರಮ ಬದಲಾಗಬಹುದು, ತತ್ತ್ವ ಬದಲಾಗಬಾರದು ಎನ್ನುವುದು ಸುಲಭವಾದ ಉತ್ತರ. ಆದರೆ ೧೯೪೨ರ ಜಿನೀವಾದವರೂ ತಾವು ತತ್ತ್ವಕ್ಕಾಗಿಯೇ ಸುಮ್ಮನಿದ್ದೆವೆಂದು ನಂಬಿದ್ದರು. ತಾಟಸ್ಥ್ಯವೂ ಒಂದು ತತ್ತ್ವವೇ. ತತ್ತ್ವಗಳ ಹೆಸರು ಹಿಡಿದು ಹೊರಟರೆ ಎಲ್ಲಿಗೆ ಬೇಕಾದರೂ ಹೋಗಬಹುದು. ಅದಕ್ಕಿಂತ ಗಟ್ಟಿಯಾದ ಒರೆಗಲ್ಲೊಂದಿದೆಯೆಂದು ನಮಗೆ ತೋರುತ್ತದೆ. ಬದಲಾವಣೆಯ ಮೇಲೆ ಅಧಿಕಾರ ಯಾರ ಕೈಗೆ ಹೋಯಿತು, ಅಪಾಯ ಯಾರ ತಲೆಯ ಮೇಲೆ ಬಿತ್ತು ಎಂದು ಕೇಳುವುದು. ಬನಗಾಂವಿನಲ್ಲಿ ಅಧಿಕಾರ ವೈದ್ಯನಿಂದ ತಾಯಿಯ ಕೈಗೆ ಬಂದಿತು. ಕೆಟ್ಟರೆ ಕೆಡುವ ಹೆಸರು ವೈದ್ಯನದಾಗಿತ್ತು. ಜಿನೀವಾದಲ್ಲಿ ಅಧಿಕಾರ ಸಮಿತಿಯ ಕೈಯಲ್ಲಿಯೇ ಉಳಿಯಿತು. ಮೌನದ ಬೆಲೆಯನ್ನು ತೆತ್ತವರು ಆ ಕೋಣೆಯಲ್ಲಿರಲಿಲ್ಲ. ಗೋಮಾದಂಥ ಕಡೆ ಈ ಒರೆಗಲ್ಲು ಉತ್ತರವನ್ನು ಹೇಳಲಾರದು. ಅಲ್ಲಿ ಕೂಸೂ ಕೊಲೆಗಡುಕನೂ ಒಂದೇ ಸಾಲಿನಲ್ಲಿ ನಿಂತಿದ್ದರು. ಆದರೂ ಪ್ರಶ್ನೆಯನ್ನು ಸರಿಯಾಗಿ ಕೇಳಲಾದರೂ ಅದು ನೆರವಾಗುತ್ತದೆ.

ಇಂದಿನ ಹೊಸತನಗಳನ್ನು ಇದಕ್ಕೆ ಉಜ್ಜಿ ನೋಡಬಹುದು. ತುರ್ಕಿಯಲ್ಲಿ ೨೦೧೬ರ ಕೊನೆಯಿಂದ ಸಿರಿಯದ ನಿರಾಶ್ರಿತರಿಗೆ ಚೀಲದ ಬದಲು ಹಣದ ಕಾರ್ಡನ್ನು ಕೊಡತೊಡಗಿದರು. ಹದಿನೈದು ಲಕ್ಷಕ್ಕೂ ಹೆಚ್ಚು ಜನರನ್ನು ಅದು ಮುಟ್ಟಿತು. ಬಾಡಿಗೆಯೊ, ಔಷಧವೊ, ಮಗುವಿನ ಬೂಟೊ, ಯಾವುದು ಮೊದಲು ಎಂದು ನಿರ್ಧರಿಸುವವಳು ಮನೆಯೊಡತಿ. ಇಲ್ಲಿ ಅಧಿಕಾರ ಇಳಿದು ಬಂದಿತು. ಅದೇ ೨೦೧೬ರಲ್ಲಿ ಜೋರ್ಡಾನಿನ ಜಾತರಿ ಶಿಬಿರದಲ್ಲಿ ಅಂಗಡಿಯ ಯಂತ್ರಕ್ಕೆ ಕಣ್ಣು ತೋರಿಸಿ ದಿನಸಿ ಕೊಳ್ಳುವ ಏರ್ಪಾಟು ಬಂದಿತು. ಕಾರ್ಡು ಕಳೆಯುವ ಭಯವಿಲ್ಲ, ಮೋಸವಿಲ್ಲ, ಲೆಕ್ಕ ಅಚ್ಚುಕಟ್ಟು. ನಿಜ. ಆದರೆ ಹಸಿದವಳು ತನ್ನ ಕಣ್ಣಿನ ಗುರುತನ್ನು ಕೊಡುವುದಿಲ್ಲವೆಂದು ಹೇಳುವ ಸ್ಥಿತಿಯಲ್ಲಿದ್ದಾಳೆಯೆ? ಬಾಂಗ್ಲಾದೇಶದಲ್ಲಿ ರೋಹಿಂಗ್ಯಾ ನಿರಾಶ್ರಿತರಿಂದ ಪಡೆದ ವಿವರಗಳು ಅವರು ಯಾವ ಸರಕಾರಕ್ಕೆ ಹೆದರಿ ಓಡಿಬಂದರೋ ಆ ಮಯನ್ಮಾರಿಗೇ ತಲುಪಿದುವೆಂದು ೨೦೨೧ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಆಪಾದಿಸಿತು. ಒಪ್ಪಿಗೆಯನ್ನು ಕೇಳಿಯೇ ಕೊಟ್ಟದ್ದೆಂದು ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ ಸಮಾಧಾನ ಹೇಳಿತು. ವಿವಾದ ಏನೇ ಇರಲಿ, ಅಚ್ಚುಕಟ್ಟು ಒಬ್ಬರದು, ಅಪಾಯ ಇನ್ನೊಬ್ಬರದು ಆಗುವ ಬದಲಾವಣೆಯನ್ನು ಒಪ್ಪುವ ಮೊದಲು ಎರಡು ಸಲ ಯೋಚಿಸಬೇಕು.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಣೆಯನ್ನು ಎದುರಿಸದೆ ಮುಂದೆ ಹೋಗುವಂತಿಲ್ಲ. ತಾಯಿಯ ಕೈಗೆ ಕೊಡಿ ಎಂಬ ಮಾತು ಜಿಪುಣನಿಗೂ ಬಹಳ ಹಿತವಾದ ಮಾತು. ಹನ್ನೊಂದು ಪೈಸೆಯಲ್ಲಿ ಆಗುವ ಕೆಲಸಕ್ಕೆ ಹೆಚ್ಚು ಹಣವೇಕೆ? ಜನರೇ ಸಮರ್ಥರಲ್ಲವೆ? ಲೋಕದ ನೆರವಿನ ಹಣದಲ್ಲಿ ಬಹು ದೊಡ್ಡ ಪಾಲನ್ನು ಕೊಡುತ್ತಿದ್ದ ಅಮೆರಿಕ ೨೦೨೫ರ ಆರಂಭದಲ್ಲಿ ಕೈ ಹಿಡಿಯಿತು. ಅದರ ಪರದೇಶ ನೆರವಿನ ಸಂಸ್ಥೆ ಜುಲೈ ಒಂದರಂದು ಮುಚ್ಚಿಹೋಯಿತು. ಎಷ್ಟೋ ಕಡೆ ಔಷಧಾಲಯಗಳೂ ಅಡಿಗೆಮನೆಗಳೂ ನಿಂತುವು. ಇಂಥ ಹೊತ್ತಿನಲ್ಲಿ ‘ಕಡಿಮೆಯಲ್ಲಿ ಹೆಚ್ಚು ಮಾಡುವುದನ್ನು ಕಲಿಯಿರಿ, ಬರಗಾಲವೇ ಬುದ್ಧಿ ಕಲಿಸುತ್ತದೆ’ ಎಂಬ ಉಪದೇಶ ಸಭ್ಯರ ಬಾಯಿಂದಲೇ ಕೇಳಿಬರುತ್ತದೆ. ಬನಗಾಂವಿನ ಕಥೆಯನ್ನು ಅವರು ಸಾಕ್ಷಿಗೆ ಕರೆದಾರು.

ಆ ಸಾಕ್ಷಿ ಅವರ ಪರವಾಗಿ ನುಡಿಯುವುದಿಲ್ಲ. ಬನಗಾಂವಿನಲ್ಲಿ ಸೂಜಿಯನ್ನು ಬಿಸಾಡಲಿಲ್ಲ. ನಾಡಿ ಸಿಕ್ಕದಷ್ಟು ಬತ್ತಿಹೋದವನು ಲೋಟ ಹಿಡಿದು ಕುಡಿಯಲಾರ. ಅವನಿಗೆ ಮೊದಲು ರಕ್ತನಾಳದ ಸಲೈನೇ ಬೇಕು. ಕುಡಿಯಬಲ್ಲವರು ಕುಡಿದುದರಿಂದ, ಇದ್ದ ಬಾಟಲಿಗಳು ಕುಡಿಯಲಾರದವರಿಗೆ ಉಳಿದುವು. ಪೊಟ್ಟಣದ ಹಿಂದೆ ಹದಿನೆಂಟು ವರ್ಷಗಳ ಸಂಶೋಧನೆಯಿತ್ತು, ಎರಡು ಮಹಾನಗರಗಳ ಪ್ರಯೋಗಶಾಲೆಗಳಿದ್ದುವು, ತೂಗಿ ತುಂಬಿ ಸಾಗಿಸುವ ಜನರಿದ್ದರು. ನಂಬಿಕೆಯೆಂಬುದು ಸಾಮಗ್ರಿಗೆ ಬದಲಿಯಲ್ಲ. ಸಾಮಗ್ರಿ ತಲುಪುವ ದಾರಿ. ಬೆಂಕಿ ಬಿದ್ದಾಗ ಬಾವಿ ತೋಡಿ ಗೆದ್ದವನನ್ನು ಮೆಚ್ಚಬಹುದು. ಅವನ ಗುದ್ದಲಿಯನ್ನು ಕಿತ್ತುಕೊಂಡು, ಬರಿಗೈಯಲ್ಲಿ ತೋಡಿದರೆ ಇನ್ನೂ ಚೆನ್ನಾಗಿ ಕಲಿಯುತ್ತೀಯೆ ಎನ್ನುವವನನ್ನು ಮೆಚ್ಚಲಾಗದು.

ದೊಡ್ಡ ಸಂಸ್ಥೆಗಳ ವಿಷಯವಾಯಿತು. ಪಟ್ಟಣದಲ್ಲಿ ಪತ್ರಿಕೆ ಓದುವ ನಮಗೆ ಇದರಲ್ಲಿ ಏನು ಪಾಲು ಎಂದು ವಾಚಕರು ಕೇಳಬಹುದು. ೨೦೦೪ರ ಸುನಾಮಿಯಾದಾಗ ಊರೂರಿನಿಂದ ಜನ ಧಾರಾಳವಾಗಿ ಕೊಟ್ಟರು. ನಾಗಪಟ್ಟಣದ ಕರಾವಳಿಯ ರಸ್ತೆಗಳಲ್ಲಿ ಯಾರೂ ತೊಡದ ಹಳೆಯ ಬಟ್ಟೆಯ ರಾಶಿಗಳು ಬಿದ್ದಿದ್ದುವು. ಕೊಟ್ಟವರ ಮನಸ್ಸಿನಲ್ಲಿ ಕಪಟವಿರಲಿಲ್ಲ. ಆದರೆ ಬೀರುವನ್ನು ಖಾಲಿಮಾಡುವ ನಮ್ಮ ಅಗತ್ಯವೂ ಕಡಲು ಮನೆಯನ್ನು ಒಯ್ದವನ ಅಗತ್ಯವೂ ಒಂದೇ ಎಂದು ನಾವು ಭಾವಿಸಿಕೊಂಡಿದ್ದೆವು. ದೋಣಿ ಕಳೆದುಕೊಂಡ ಬೆಸ್ತನನ್ನು, ನಿನಗೆ ಏನು ಬೇಕೆಂದು ಕೇಳಿದವರು ಎಷ್ಟು ಮಂದಿ? ಕೇಳುವುದು ಸಣ್ಣ ಕೆಲಸದಂತೆ ಕಾಣುತ್ತದೆ. ಆದರೆ ಕೇಳಿದ ಕ್ಷಣದಲ್ಲಿ ನಾವು ಬಲ್ಲವರ ಪೀಠದಿಂದ ಇಳಿಯಬೇಕಾಗುತ್ತದೆ. ಉತ್ತರ ನಮಗೆ ಅನುಕೂಲವಾಗಿಲ್ಲದಿದ್ದರೆ ಅದನ್ನೂ ಒಪ್ಪಬೇಕಾಗುತ್ತದೆ. ಹಣ ಕೊಡುವುದಕ್ಕಿಂತ ಅದು ಕಷ್ಟ.

ದಿಲೀಪ್ ಮಹಲನಬೀಸರು ೨೦೨೨ರ ಅಕ್ಟೋಬರಿನಲ್ಲಿ ತೀರಿಕೊಂಡರು. ಮರುವರ್ಷ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿಯನ್ನು ಸಾರಿದರು. ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ ಹೇಳಲಾಗದು. ಆದರೆ ಬೀದಿಯ ಔಷಧದಂಗಡಿಯಲ್ಲಿ ಓ.ಆರ್.ಎಸ್. ಪೊಟ್ಟಣವನ್ನು ಕೊಂಡು, ಕುದಿಸಿ ಆರಿಸಿದ ನೀರಿಗೆ ಬೆರೆಸಿ, ರಾತ್ರಿಯೆಲ್ಲ ಮಗುವಿನ ಪಕ್ಕದಲ್ಲಿ ಚಮಚ ಹಿಡಿದು ಕೂರುವ ತಾಯಂದಿರು ಪ್ರತಿ ಊರಿನಲ್ಲಿಯೂ ಇದ್ದಾರೆ. ಯಾರಿಂದ ಬಂತೆಂದು ಅವರು ಕೇಳುವುದಿಲ್ಲ. ಅದು ತಮ್ಮದೇ ಮನೆಯ ಮದ್ದೆಂದು ತಿಳಿದಿದ್ದಾರೆ.